ನಿಂತ ಗಾಡಿ ಕಾಯುವುದೇಕೆ?

ಜತ್ತ ತಾಲ್ಲೂಕಿನ ಹಳ್ಳಿಯೊಂದರಿಂದ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಈ ಅಂಕಣಕ್ಕೆ ಪತ್ರ ಬರೆದಿದ್ದಾಳೆ. ಆಕೆಯ ತಂದೆಯವರದು ಸಾಲ ಮಾಡಿ ಕೊಂಡ ಹತ್ತು ಚಕ್ರದ ಹಳೆಯ ಲಾರಿ. ಹಂಗಾಮಿನಲ್ಲಿ ಕಬ್ಬು, ಉಳಿದ ದಿನಗಳಲ್ಲಿ ಸೊಲ್ಲಾಪುರದ ಮಾರುಕಟ್ಟೆಗೆ ಉಳ್ಳಾಗಡ್ಡಿ. ಗಾಡಿ ಹೆದ್ದಾರಿಯಲ್ಲಿ ಓಡುತ್ತಿರುವಾಗ ಶಾಖ ತೋರಿಸುವ ಸೂಜಿ ನಡುವಿನಲ್ಲೇ ನಿಂತಿರುತ್ತದೆ. ಸಕ್ಕರೆ ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಎಂಜಿನ್ ಚಾಲೂ ಇಟ್ಟು ನಿಂತರೆ ಇಪ್ಪತ್ತು ನಿಮಿಷದಲ್ಲಿ ಸೂಜಿ ಕೆಂಪು ಗೆರೆಯತ್ತ ಸರಿಯುತ್ತದೆ. ಗ್ಯಾರೇಜಿನವರು ನೀರಿನಲ್ಲಿ ಗುಳ್ಳೆ ಬರುತ್ತಿರುವುದನ್ನು ನೋಡಿ, ಹೆಡ್ ಬಿಚ್ಚಬೇಕು, ಗ್ಯಾಸ್ಕೆಟ್ ಹೋಗಿದೆ ಎಂದಿದ್ದಾರೆ. ಅದಕ್ಕಾಗಿ ಮನೆಯಲ್ಲಿ ಮತ್ತೊಂದು ಸಾಲದ ಮಾತು ನಡೆದಿದೆ. ಪತ್ರದ ಕೊನೆಯಲ್ಲಿ ಆ ಹುಡುಗಿ ಕೇಳಿರುವ ಪ್ರಶ್ನೆ ಇದು: “ನಿಂತಾಗ ಎಂಜಿನ್‌ಗೆ ಕೆಲಸವೇ ಇರುವುದಿಲ್ಲ. ಹಾಗಿದ್ದ ಮೇಲೆ ಅದು ನಿಂತಾಗಲೇ ಏಕೆ ಕಾಯುತ್ತದೆ?”

ಪ್ರಶ್ನೆ ಬಹಳ ಚೆನ್ನಾಗಿದೆ. ಗ್ಯಾರೇಜಿನಲ್ಲಿ ಮೊದಲು ಕೇಳಬೇಕಾಗಿದ್ದುದೂ ಇದನ್ನೇ. ನಮ್ಮ ಓದುಗರ ಮನೆಗಳಲ್ಲಿ ಲಾರಿಯ ಅನ್ನ ಉಣ್ಣುವವರು ಕಡಿಮೆಯೇನಿಲ್ಲ. ಆದುದರಿಂದ ಈ ವಾರದ ಸ್ಥಳವನ್ನೆಲ್ಲ ಈ ಒಂದು ಪ್ರಶ್ನೆಗೇ ಕೊಡುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 36 ಮೆಗಾಜೂಲ್ ಶಕ್ತಿ ಹೊರಬರುತ್ತದೆ. ಹೇರಿದ ಲಾರಿ ಲೀಟರಿಗೆ 4 ಕಿಲೋಮೀಟರ್ ಕೊಡುತ್ತ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 15 ಲೀಟರ್ ಉರಿಯಿತು. ಅಂದರೆ 540 ಮೆಗಾಜೂಲ್. ಅದನ್ನು 3600 ಸೆಕೆಂಡುಗಳಿಗೆ ಹಂಚಿದರೆ 150 ಕಿಲೋವಾಟ್ ಆಗುತ್ತದೆ. ಇದರಲ್ಲಿ ಒಂದು ಭಾಗ ಚಕ್ರಕ್ಕೆ, ಒಂದು ಭಾಗ ಹೊಗೆಯ ಜೊತೆಗೆ ಹೊರಕ್ಕೆ, ಸ್ಥೂಲವಾಗಿ ಕಾಲು ಭಾಗ ಎಂಜಿನ್ನಿನ ಸುತ್ತ ಹರಿಯುವ ನೀರಿಗೆ ಹೋಗುತ್ತದೆ. ನೀರಿನ ಪಾಲು ಸುಮಾರು 37 ಕಿಲೋವಾಟ್. ಇನ್ನು ನಿಂತ ಲಾರಿಯನ್ನು ನೋಡೋಣ. ಗಂಟೆಗೆ 2 ಲೀಟರ್ ಉರಿಯುತ್ತದೆ ಎಂದುಕೊಂಡರೆ ಒಟ್ಟು 20 ಕಿಲೋವಾಟ್. ಚಕ್ರಕ್ಕೆ ಏನೂ ಹೋಗದಿರುವುದರಿಂದ ನೀರಿನ ಪಾಲು ಮೂರರಲ್ಲೊಂದು ಎಂದು ಧಾರಾಳವಾಗಿಯೇ ಹಿಡಿದರೂ 7 ಕಿಲೋವಾಟನ್ನು ಮೀರುವುದಿಲ್ಲ. ಸ್ನಾನದ ನೀರು ಕಾಯಿಸುವ 1500 ವಾಟಿನ ರಾಡ್‌ಗಳನ್ನು ಎಣಿಸುವುದಾದರೆ ಓಡುವ ಎಂಜಿನ್ನಿನ ನೀರಿನಲ್ಲಿ ಇಪ್ಪತ್ತೈದು ರಾಡ್ ಇವೆ, ನಿಂತ ಎಂಜಿನ್ನಿನ ನೀರಿನಲ್ಲಿ ಐದೂ ಇಲ್ಲ.

ಇಪ್ಪತ್ತೈದು ರಾಡಿನ ಶಾಖವನ್ನು ನಿರಾಯಾಸವಾಗಿ ಹೊರಹಾಕುವ ಏರ್ಪಾಡು ಐದು ರಾಡಿನ ಮುಂದೆ ಸೋಲುವುದಾದರೆ, ನಿಂತಾಗ ಏನೋ ಒಂದು ಇಲ್ಲವಾಗುತ್ತಿದೆ ಎಂದೇ ಅರ್ಥ. ಇಲ್ಲವಾಗುವುದು ಗಾಳಿ. ಗಾಡಿ ಓಡುತ್ತಿರುವಾಗ ಮುಂದಿನಿಂದ ಗಾಳಿ ತಾನಾಗಿಯೇ ರೇಡಿಯೇಟರಿನ ಮೇಲೆ ಬಂದು ಬೀಳುತ್ತದೆ. ನಿಂತಾಗ ಗಾಳಿಯನ್ನು ಎಳೆದು ತರಬೇಕಾದುದು ಫ್ಯಾನ್ ಒಂದೇ. ಅದೂ ನಿಮಿಷಕ್ಕೆ ಆರುನೂರೋ ಏಳುನೂರೋ ಸುತ್ತಿನ ಮಂದ ನಡಿಗೆಯ ಎಂಜಿನ್ನಿನ ಬಲದಿಂದ. ಫ್ಯಾನು, ಅದರ ಬೆಲ್ಟು, ಅದರ ಸುತ್ತಲಿನ ಕವಚ, ರೇಡಿಯೇಟರಿನ ಹೊರಮೈ, ಇವುಗಳಲ್ಲಿ ಎಲ್ಲಿ ದೋಷವಿದ್ದರೂ ಹೆದ್ದಾರಿಯ ಗಾಳಿ ಅದನ್ನು ಮುಚ್ಚಿಟ್ಟಿರುತ್ತದೆ. ಸಾಲಿನಲ್ಲಿ ನಿಂತಾಗ ಅದು ಬಯಲಿಗೆ ಬೀಳುತ್ತದೆ. ಇದಕ್ಕೆ ಪ್ರತಿಯಾಗಿ, ನಿಂತಾಗ ತಣ್ಣಗಿದ್ದು ಘಾಟಿ ಹತ್ತುವಾಗ ಕಾಯುವ ಗಾಡಿಯಾದರೆ ಸಂಶಯ ಬೇರೆಡೆಗೆ ಹೋಗಬೇಕು: ರೇಡಿಯೇಟರಿನ ಒಳಕೊಳವೆಗಳು ಕಟ್ಟಿವೆಯೇ, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿದೆಯೇ ಎಂಬುದರ ಕಡೆಗೆ. ಮಿಸ್ತ್ರಿಗೆ ಗಾಡಿ ಒಪ್ಪಿಸುವಾಗ “ಗಾಡಿ ಗರಮ್ ಆಗುತ್ತದೆ” ಎಂದಷ್ಟೇ ಹೇಳಿದರೆ ಸಾಲದು. ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ ಎಂಬುದನ್ನು ಹೇಳಬೇಕು.

ಇಲ್ಲೊಂದು ಎಚ್ಚರಿಕೆ. ಭಾರ ಹೊತ್ತು ಏರು ಹತ್ತಿ ಬಂದ ಗಾಡಿಯನ್ನು ತಟ್ಟನೆ ನಿಲ್ಲಿಸಿದಾಗ ಸೂಜಿ ಕೆಲವು ನಿಮಿಷ ಮೇಲೇರಿ ಮತ್ತೆ ಇಳಿಯುವುದುಂಟು. ಎಂಜಿನ್ನಿನ ಕಬ್ಬಿಣದಲ್ಲಿ ತುಂಬಿಕೊಂಡಿದ್ದ ಶಾಖ ನಿಧಾನವಾಗಿ ನೀರಿಗೆ ಇಳಿಯುವುದರಿಂದ ಹಾಗಾಗುತ್ತದೆ, ಅದು ರೋಗವಲ್ಲ. ಏರಿದ ಸೂಜಿ ಇಳಿಯದೆ ಹೋದರೆ, ಅಥವಾ ಬಹಳ ಹೊತ್ತಿನಿಂದ ನಿಂತೇ ಇದ್ದ ಗಾಡಿಯಲ್ಲಿ ಮೆಲ್ಲಮೆಲ್ಲನೆ ಏರುತ್ತ ಹೋದರೆ ಅದು ರೋಗ.

ಶಾಲೆಯ ಪುಸ್ತಕದಲ್ಲಿ ಶಾಖ ಸಾಗುವ ಮೂರು ದಾರಿಗಳನ್ನು ಮಕ್ಕಳು ಓದಿರುತ್ತಾರೆ: ವಹನ, ಸಂವಹನ, ವಿಕಿರಣ. ಎಂಜಿನ್ನಿನ ಗೋಡೆಯಿಂದ ನೀರಿಗೆ ಶಾಖ ದಾಟುತ್ತದೆ, ಪಂಪು ಆ ನೀರನ್ನು ರೇಡಿಯೇಟರಿಗೆ ಒಯ್ಯುತ್ತದೆ, ಕೊಳವೆಯ ಲೋಹದ ಮೂಲಕ ವಹನದಿಂದ ತೆಳು ರೆಕ್ಕೆಗಳಿಗೆ ಬಂದು ಅಲ್ಲಿಂದ ಗಾಳಿಯ ಜೊತೆ ಹೋಗಿಬಿಡುತ್ತದೆ. ರೇಡಿಯೇಟರ್ ಎಂಬ ಹೆಸರಿನಲ್ಲಿ ವಿಕಿರಣವಿದೆಯೇ ಹೊರತು ಅದರ ಕೆಲಸದಲ್ಲಿ ವಿಕಿರಣದ ಪಾಲು ತೀರ ಅಲ್ಪ. ಬಹುಪಾಲು ಎಲ್ಲವೂ ಗಾಳಿಯ ಸಂವಹನ. ಹೆಸರಿಟ್ಟವರು ಇನ್ನಷ್ಟು ಯೋಚಿಸಬಹುದಿತ್ತು. ಗಾಳಿ ಒಯ್ಯುವ ಶಾಖವು ನೀರಿಗೂ ಗಾಳಿಗೂ ಇರುವ ತಾಪದ ಅಂತರವನ್ನು ಅವಲಂಬಿಸಿರುತ್ತದೆ. ನೀರು 90 ಡಿಗ್ರಿ ಇದ್ದು ಡಿಸೆಂಬರದ ಗಾಳಿ 20 ಡಿಗ್ರಿ ಇದ್ದರೆ ಅಂತರ 70. ಮೇ ತಿಂಗಳಲ್ಲಿ ನಮ್ಮ ಸೊಲ್ಲಾಪುರದ ಗಾಳಿ 42 ಡಿಗ್ರಿಗೆ ಬಂದಾಗ ಅಂತರ 48ಕ್ಕೆ ಇಳಿಯುತ್ತದೆ, ಅಂದರೆ ಮೂರರಲ್ಲೊಂದು ಪಾಲು ನಷ್ಟ. ಕಬ್ಬಿನ ಹಂಗಾಮಿನ ತಂಪಿನಲ್ಲಿಯೇ ಕಾಯತೊಡಗಿದ ಗಾಡಿಯನ್ನು ಬೇಸಿಗೆಯವರೆಗೆ ಹಾಗೆಯೇ ಬಿಡುವುದು ಸಲ್ಲದು.

ಇನ್ನು ಪರೀಕ್ಷೆಗೆ ಬರೋಣ. ಸ್ಪ್ಯಾನರ್ ಹಿಡಿಯುವ ಮೊದಲು ಮಾಡಬಹುದಾದ ಒಂದು ಪ್ರಯೋಗವಿದೆ. ನಿಂತಲ್ಲೇ ಸೂಜಿ ಏರುತ್ತಿರುವಾಗ, ಇನ್ನೂ ಕೆಂಪಿಗೆ ಮುಟ್ಟಿರದಿದ್ದರೆ, ಎಸಿ ಇದ್ದರೆ ಅದನ್ನು ಆರಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರನ್ನು ತುಸು ಒತ್ತಿ ಎಂಜಿನ್ನನ್ನು ಸಾವಿರದ ಇನ್ನೂರು ಸುತ್ತಿನವರೆಗೆ ತಂದು ಐದು ನಿಮಿಷ ಹಿಡಿಯಬೇಕು. ಡೀಸೆಲ್ ಹೆಚ್ಚು ಉರಿಯುತ್ತಿದ್ದರೂ ಸೂಜಿ ಇಳಿಯಿತು ಎಂದರೆ, ಫ್ಯಾನ್ ಮತ್ತು ನೀರಿನ ಪಂಪು ವೇಗವಾಗಿ ತಿರುಗಿದ್ದೇ ಕಾರಣ. ಕಳ್ಳ ಆ ಎರಡರ ಸುತ್ತಮುತ್ತಲೇ ಇದ್ದಾನೆ. ಇಳಿಯಲೇ ಇಲ್ಲವಾದರೆ ಫ್ಯಾನ್ ಎಂಜಿನ್ನಿನ ಜೊತೆ ತಿರುಗುತ್ತಲೇ ಇಲ್ಲ, ಇಲ್ಲವೆ ಗಾಳಿಗೆ ದಾರಿಯೇ ಇಲ್ಲ, ಇಲ್ಲವೆ ನೀರೇ ಕಡಿಮೆಯಾಗಿದೆ.

ಫ್ಯಾನೋ ಪಂಪೋ ಎಂಬುದನ್ನು ಬೇರ್ಪಡಿಸಲು ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ರಬ್ಬರ್ ಪೈಪುಗಳ ತಾಪ ನೋಡಬೇಕು. ಗ್ಯಾರೇಜುಗಳಲ್ಲಿ ಈಗ ಪಿಸ್ತೂಲಿನಂತೆ ಹಿಡಿದು ತಾಪ ಅಳೆಯುವ ಮಾಪಕಗಳಿವೆ. ಅದನ್ನು ಹೊಳೆಯುವ ಲೋಹದ ಮೇಲೆ ಹಿಡಿದರೆ ಸುಳ್ಳು ಹೇಳುತ್ತದೆ. ಕಪ್ಪು ರಬ್ಬರಿನ ಮೇಲೆ ಹಿಡಿದರೆ ನಂಬಬಹುದು. ಮೇಲಿನ ಪೈಪಿನಷ್ಟೇ ಕೆಳಗಿನದೂ ಸುಡುತ್ತಿದ್ದರೆ ನೀರು ಹರಿಯುತ್ತಿದೆ, ಆದರೆ ರೇಡಿಯೇಟರಿನಲ್ಲಿ ಅದರ ಶಾಖವನ್ನು ಯಾರೂ ಇಳಿಸಿಕೊಳ್ಳುತ್ತಿಲ್ಲ ಎಂದರ್ಥ. ತಪ್ಪು ಗಾಳಿಯ ಕಡೆಗಿದೆ. ಮೇಲಿನದು ಸುಡುತ್ತಿದ್ದು ಕೆಳಗಿನದು ಬಹಳ ತಣ್ಣಗಿದ್ದರೆ ನೀರು ಸರಿಯಾಗಿ ಹರಿಯುತ್ತಿಲ್ಲ: ಪಂಪಿನ ರೆಕ್ಕೆ ಸವೆದಿರಬಹುದು, ಬೆಲ್ಟು ಜಾರುತ್ತಿರಬಹುದು, ಕೊಳವೆಗಳು ಕಟ್ಟಿರಬಹುದು. ಇದೇ ಮಾಪಕದಿಂದ ಸೂಜಿ ನಿಜ ಹೇಳುತ್ತಿದೆಯೇ ಎಂಬುದೂ ತಿಳಿಯುತ್ತದೆ. ಸೆನ್ಸರ್ ಕೆಟ್ಟು ಸುಮ್ಮನೆ ಹೆದರಿಸುವ ಸೂಜಿಗಳೂ ಇವೆ.

ಗಾಳಿಯ ಕಡೆಗೆ ಬೆರಳು ತೋರಿದ ಮೇಲೆ ಹುಡುಕುವುದು ಕಷ್ಟವಲ್ಲ. ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯ ಒಂದು ಹಾಳೆಯೇ ಸಾಕು (ಓದಿ ಮುಗಿದ ಮೇಲೆ). ಎಂಜಿನ್ ಕಾದು ನಿಂತಲ್ಲೇ ಓಡುತ್ತಿರುವಾಗ ಹಿರಿಯರೊಬ್ಬರು ಗಾಡಿಯ ಮುಂದೆ ನಿಂತು, ಮುಂದಿನ ಜಾಲರಿ ತೆರೆದು, ಹಾಳೆಯನ್ನು ಅಲ್ಲಲ್ಲಿ ಹಿಡಿದು ನೋಡಬೇಕು. ಗಾಳಿ ಎಳೆಯುತ್ತಿದ್ದರೆ ಹಾಳೆ ಅಂಟಿಕೊಂಡು ನಿಲ್ಲುತ್ತದೆ. ಎಲ್ಲಿಯೂ ಅಂಟದಿದ್ದರೆ ಫ್ಯಾನಿನ ದೋಷ. ಒಂದೆಡೆ ಅಂಟಿ ಇನ್ನೊಂದೆಡೆ ಜಾರಿ ಬಿದ್ದರೆ ಜಾರಿದ ಕಡೆ ರೆಕ್ಕೆಗಳು ಮುಚ್ಚಿಹೋಗಿವೆ.

ನಮ್ಮ ಸೀಮೆಯಲ್ಲಿ ಮುಚ್ಚುವುದಕ್ಕೆ ಕಾರಣಗಳಿಗೆ ಬರವಿಲ್ಲ. ಕಬ್ಬಿನ ರವದಿ, ಉಳ್ಳಾಗಡ್ಡಿಯ ಸಿಪ್ಪೆ, ಹೊಲದ ಹಾದಿಯ ಕರಿಮಣ್ಣಿನ ಧೂಳು. ಎಂಜಿನ್ನಿನ ಎಣ್ಣೆಯ ಆವಿ ತುಸು ತಗುಲಿದರೆ ಸಾಕು, ಇವೆಲ್ಲ ಅಂಟಿನ ಹಾಗೆ ಕುಳಿತುಬಿಡುತ್ತವೆ. ಹೊಸ ಗಾಡಿಗಳಲ್ಲಿ ರೇಡಿಯೇಟರಿನ ಮುಂದೆ ಇಂಟರ್‌ಕೂಲರ್ ಇರುತ್ತದೆ. ಎದುರಿನಿಂದ ನೋಡಿದಾಗ ಎಲ್ಲ ಸ್ವಚ್ಛವಾಗಿ ಕಂಡರೂ ಆ ಎರಡರ ನಡುವಿನ ಸಂದಿಯಲ್ಲಿ ಕಂಬಳಿಯಂತೆ ಕಸ ಕೂತಿರುವುದುಂಟು. ಅದನ್ನು ತೊಳೆಯಬೇಕಾದುದು ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ, ಮೆಲ್ಲಗೆ, ಸಾಬೂನು ನೀರಿನಿಂದ. ಸರ್ವಿಸ್ ಸ್ಟೇಶನ್ನಿನ ಜೋರು ಧಾರೆಯನ್ನು ಹತ್ತಿರದಿಂದ ಹಿಡಿದರೆ ತೆಳು ರೆಕ್ಕೆಗಳು ಮಲಗಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಫ್ಯಾನಿನ ಸುತ್ತಲಿನ ಕವಚವನ್ನು ಅನೇಕರು ಲೆಕ್ಕಕ್ಕೇ ಇಡುವುದಿಲ್ಲ. ಒಡೆದರೆ ತಂತಿಯಿಂದ ಕಟ್ಟುತ್ತಾರೆ, ಪೂರ್ತಿ ಹೋದರೆ ಹೋಯಿತು ಎಂದು ಬಿಡುತ್ತಾರೆ. ಗಾಳಿಯೂ ನೀರಿನಂತೆ ಸುಲಭದ ದಾರಿ ಹಿಡಿಯುವಂಥದು. ಕವಚವಿಲ್ಲದ ಫ್ಯಾನು ರೇಡಿಯೇಟರಿನ ಮೂಲಕ ತಂಗಾಳಿಯನ್ನು ಎಳೆಯುವ ಬದಲು ಪಕ್ಕದಿಂದ ಬಂದ ಎಂಜಿನ್ನಿನ ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ.

ಹಲವು ಲಾರಿಗಳಲ್ಲಿ ಫ್ಯಾನು ನೇರವಾಗಿ ಎಂಜಿನ್ನಿಗೆ ಕಟ್ಟಿಕೊಂಡಿರುವುದಿಲ್ಲ. ನಡುವೆ ವಿಸ್ಕಸ್ ಕ್ಲಚ್ ಎಂಬ ತಟ್ಟೆಯಾಕಾರದ ಭಾಗವಿರುತ್ತದೆ. ಅದರೊಳಗೆ ಮಂದವಾದ ಸಿಲಿಕೋನ್ ದ್ರವವಿದೆ. ಮುಂಭಾಗದಲ್ಲಿ ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಎರಡು ಲೋಹಗಳು ಶಾಖಕ್ಕೆ ಸಮನಾಗಿ ಹಿಗ್ಗುವುದಿಲ್ಲವಾದುದರಿಂದ ಬಿಸಿಗಾಳಿ ತಾಗಿದಾಗ ಪಟ್ಟಿ ಬಾಗಿ ಒಳಗಿನ ಬಾಗಿಲು ತೆರೆಯುತ್ತದೆ, ದ್ರವ ಕೆಲಸದ ಕೋಣೆಗೆ ಹರಿಯುತ್ತದೆ, ಫ್ಯಾನು ಬಿಗಿಯಾಗಿ ಹಿಡಿದುಕೊಂಡು ಭೋರ್ಗರೆಯುತ್ತದೆ. ನೀರು ತಣ್ಣಗಿದ್ದಾಗ ಫ್ಯಾನು ಸುಮ್ಮನಿದ್ದು ಡೀಸೆಲ್ ಉಳಿಯಲಿ ಎಂಬುದು ಇದರ ಉದ್ದೇಶ. ವರ್ಷಗಳು ಕಳೆದಂತೆ ದ್ರವ ಸೋರಿಹೋದರೆ ಫ್ಯಾನು ತಿರುಗುವಂತೆ ಕಾಣುತ್ತದೆ, ಗಾಳಿ ಎಳೆಯುವುದಿಲ್ಲ. ಪರೀಕ್ಷೆ ಸರಳ. ಎಂಜಿನ್ ಆರಿಸಿ, ಬೀಗದ ಕೈ ಜೇಬಿಗೆ ಹಾಕಿಕೊಂಡು, ಎಲ್ಲ ತಣ್ಣಗಾದ ಮೇಲೆ ಫ್ಯಾನನ್ನು ಕೈಯಿಂದ ತಿರುಗಿಸಬೇಕು. ಕೈಗೆ ತಡೆ ಸಿಗಬೇಕು. ಬುಗುರಿಯಂತೆ ಸುತ್ತುತ್ತಲೇ ಹೋದರೆ ಕ್ಲಚ್ಚು ಸತ್ತಿದೆ. ಅದರ ನಡುವಿನಿಂದ ಹೊರಮುಖವಾಗಿ ಎಣ್ಣೆ ಬೆರೆತ ಧೂಳಿನ ಗೆರೆಗಳು ಕಂಡರೂ ಅದೇ ಸೂಚನೆ. ತೀರ ಹೊಸ ಗಾಡಿಗಳಲ್ಲಿ ಈ ಕ್ಲಚ್ಚನ್ನು ವಿದ್ಯುತ್ತು ನಡೆಸುತ್ತದೆ; ಅಲ್ಲಿ ವೈರಿಂಗನ್ನೂ ನೋಡಬೇಕಾಗುತ್ತದೆ. ಎಂಜಿನ್ ಓಡುತ್ತಿರುವಾಗ ಮಾತ್ರ ಫ್ಯಾನಿನ ಹತ್ತಿರ ಕೈಯಾಗಲಿ, ಟವೆಲ್ಲಾಗಲಿ, ಹುಡುಗರಾಗಲಿ ಹೋಗಕೂಡದು.

ಇನ್ನು ಗುಳ್ಳೆಗಳ ವಿಷಯ. ಮನೆಯವರನ್ನು ಹೆದರಿಸಿರುವುದು ಇದೇ. ಹೆಡ್ ಗ್ಯಾಸ್ಕೆಟ್ ಹೋದಾಗ ಸಿಲಿಂಡರಿನ ಅನಿಲ ನೀರಿಗೆ ನುಗ್ಗಿ ಗುಳ್ಳೆ ಬರುವುದು ನಿಜ. ತಣ್ಣಗಿನ ಎಂಜಿನ್ನನ್ನು ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಕಾಯುವ ಮೊದಲೇ, ಮೇಲಿನ ಪೈಪು ಗಟ್ಟಿಯಾಗಿ ಉಬ್ಬುವುದೂ ಅದರ ಲಕ್ಷಣ. ಎಂಜಿನ್ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಆಗಿದ್ದರೆ ಸಂಶಯ ಬಲವಾಗುತ್ತದೆ. ಆದರೆ ಲಾರಿಯಲ್ಲಿ ಗುಳ್ಳೆಗೆ ಇನ್ನೊಂದು ಮೂಲವಿದೆ. ಕಾರು ನೋಡಿ ಕಲಿತ ಕೈಗಳಿಗೆ ಅದು ಹೊಳೆಯದೆ ಹೋಗಬಹುದು. ಬ್ರೇಕಿಗಾಗಿ ಗಾಳಿ ತುಂಬುವ ಕಂಪ್ರೆಸರ್ ಎಷ್ಟೋ ಲಾರಿಗಳಲ್ಲಿ ಎಂಜಿನ್ನಿನ ನೀರಿನಿಂದಲೇ ತಣ್ಣಗಾಗುತ್ತದೆ. ಆ ಕಂಪ್ರೆಸರಿನ ಪುಟ್ಟ ಹೆಡ್ಡಿನಲ್ಲಿ ಬಿರುಕು ಬಂದರೆ ಅಥವಾ ಅದರ ಗ್ಯಾಸ್ಕೆಟ್ ಹೋದರೆ ಒತ್ತಿದ ಗಾಳಿ ನೀರಿಗೆ ನುಗ್ಗುತ್ತದೆ. ಗುಳ್ಳೆ ಬರುತ್ತದೆ, ನೀರು ಟ್ಯಾಂಕಿನಿಂದ ಉಕ್ಕಿ ಹೋಗುತ್ತದೆ, ಗಾಳಿಯ ಗಂಟುಗಳು ಸಿಕ್ಕಿಕೊಂಡು ಎಂಜಿನ್ ಕಾಯುತ್ತದೆ. ಎಲ್ಲವೂ ಹೆಡ್ ಗ್ಯಾಸ್ಕೆಟ್ ಹೋದಂತೆಯೇ ಕಾಣುತ್ತದೆ.

ಬೇರ್ಪಡಿಸುವುದು ಹೀಗೆ. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆರೆದು, ಚಾಲೂ ಮಾಡಿ, ಗುಳ್ಳೆ ನೋಡುತ್ತಿರಬೇಕು. ಬ್ರೇಕಿನ ಗಾಳಿ ಟ್ಯಾಂಕು ತುಂಬುವವರೆಗೆ ಕಂಪ್ರೆಸರ್ ದುಡಿಯುತ್ತದೆ, ತುಂಬಿದೊಡನೆ ಉಸ್ಸೆಂಬ ಸದ್ದಿನೊಂದಿಗೆ ವಿರಮಿಸುತ್ತದೆ. ಆ ಸದ್ದಿನೊಂದಿಗೆ ಗುಳ್ಳೆಗಳೂ ನಿಂತರೆ ಅಥವಾ ಕಡಿಮೆಯಾದರೆ, ಬ್ರೇಕ್ ಪೆಡಲನ್ನು ಹಲವು ಸಲ ಒತ್ತಿ ಗಾಳಿ ಇಳಿಸಿದಾಗ ಮತ್ತೆ ಹೆಚ್ಚಾದರೆ, ತಪ್ಪು ಕಂಪ್ರೆಸರಿನದು. ಗುಳ್ಳೆಗಳು ಇದಾವುದನ್ನೂ ಲೆಕ್ಕಿಸದೆ ಒಂದೇ ಸಮನೆ ಬರುತ್ತಿದ್ದರೆ ಹೆಡ್ಡಿನ ಮಾತನ್ನು ಒಪ್ಪಬೇಕಾಗುತ್ತದೆ. ಕಂಪ್ರೆಸರಿನ ರಿಪೇರಿಗೂ ಎಂಜಿನ್ನಿನ ಹೆಡ್ ಬಿಚ್ಚುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ. ಈ ಹತ್ತು ನಿಮಿಷದ ಪರೀಕ್ಷೆ ಮುಗಿಯದೆ ಸಾಲದ ಕಾಗದಕ್ಕೆ ಸಹಿ ಹಾಕಬಾರದೆಂದು ಪತ್ರ ಬರೆದ ಮಗುವಿನ ತಂದೆಯವರಲ್ಲಿ ನನ್ನ ಕಳಕಳಿಯ ವಿನಂತಿ. ಗ್ಯಾರೇಜಿನವರು ಮೋಸ ಮಾಡುತ್ತಿದ್ದಾರೆಂದು ನಾನು ಹೇಳುತ್ತಿಲ್ಲ. ಗುಳ್ಳೆ ಕಂಡವರು ಹೆಡ್ ಎನ್ನುವುದು ರೂಢಿ. ಆದರೆ ಅವರು ಹೇಳಿದ ದೋಷಕ್ಕೂ ಹೆದ್ದಾರಿಯಲ್ಲಿ ಸೂಜಿ ಅಲುಗದಿರುವುದಕ್ಕೂ ಹೊಂದಿಕೆಯಿಲ್ಲ. ಸಿಲಿಂಡರಿನಲ್ಲಿ ಒತ್ತಡ ಹೆಚ್ಚುವುದು ಭಾರ ಎಳೆಯುವಾಗ; ಗ್ಯಾಸ್ಕೆಟ್ ಹೋದ ಗಾಡಿ ಸಾಮಾನ್ಯವಾಗಿ ಆಗಲೇ ಹೆಚ್ಚು ತೊಂದರೆ ಕೊಡಬೇಕು.

ನಮ್ಮಲ್ಲಿ ಇನ್ನೊಂದು ರೂಢಿಯಿದೆ: ಗಾಡಿ ಕಾಯುತ್ತದೆ ಎಂದೊಡನೆ ಥರ್ಮೋಸ್ಟಾಟನ್ನು ಕಿತ್ತು ಎಸೆಯುವುದು. ಇದು ನನಗೆ ಒಪ್ಪಿಗೆಯಿಲ್ಲ. ಥರ್ಮೋಸ್ಟಾಟಿನೊಳಗಿನ ಮೇಣ ಸುಮಾರು 80 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಹಿಗ್ಗಿ ರೇಡಿಯೇಟರಿನ ದಾರಿ ತೆರೆಯುತ್ತದೆ. ಅನೇಕ ಎಂಜಿನ್ನುಗಳಲ್ಲಿ ಅದೇ ಹೊತ್ತಿಗೆ ಅಡ್ಡದಾರಿಯನ್ನು ಮುಚ್ಚುತ್ತದೆ ಕೂಡ. ಕಿತ್ತುಹಾಕಿದರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ, ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಕಾಣದೆಯೇ ಮರಳಿ ಎಂಜಿನ್ನಿಗೆ ಹೋಗುತ್ತದೆ. ಚಳಿಯಲ್ಲಿ ಎಂಜಿನ್ ಸರಿಯಾಗಿ ಕಾಯದೆ ಸವೆತವೂ ಹೆಚ್ಚು, ಡೀಸೆಲ್ಲೂ ಹೆಚ್ಚು. ಸಂಶಯವಿದ್ದರೆ ಅದನ್ನು ಬಿಚ್ಚಿ, ಅಡುಗೆಗೆ ಬಳಸದ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ, ಅದರ ಮೇಲೆ ಕೆತ್ತಿರುವ ಡಿಗ್ರಿಯ ಹತ್ತಿರ ಬಾಯಿ ತೆರೆಯುತ್ತದೆಯೇ ಎಂದು ನೋಡಬಹುದು.

ನೀರಿನ ಬಗ್ಗೆಯೂ ಎರಡು ಮಾತು. ನಮ್ಮ ಕೊಳವೆಬಾವಿಯ ಗಡಸು ನೀರು ಹಂಡೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಎಂಜಿನ್ನಿನೊಳಗೂ ಅದೇ ಪದರ ಕಟ್ಟುತ್ತದೆ, ಅದು ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ. ಕಂಪನಿ ಹೇಳಿದ ಕೂಲೆಂಟನ್ನೇ ಹಾಕುವುದು ದುಬಾರಿ ಎನಿಸಬಹುದು. ಅದರಲ್ಲಿನ ಔಷಧ ಸಿಲಿಂಡರ್ ಲೈನರಿಗೆ ತೂತು ಬೀಳದಂತೆ ಕಾಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಹುಪಾಲು ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಪರಿಣಾಮದಲ್ಲಿ ವಿಷ. ಬಿಚ್ಚಿದ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲುವುದು, ಶರಬತ್ತಿನ ಬಾಟಲಿಯಲ್ಲಿ ತುಂಬಿಡುವುದು ಮಕ್ಕಳಿಗೂ ದನಕರುಗಳಿಗೂ ಅಪಾಯ.

ಅದಕ್ಕಿಂತ ದೊಡ್ಡ ಅಪಾಯ ಮುಚ್ಚಳದ್ದು. ಮುಚ್ಚಳದ ಮೇಲೆ 0.7 ಎಂದು ಬರೆದಿದ್ದರೆ ಒಳಗೆ ವಾತಾವರಣಕ್ಕಿಂತ ಅಷ್ಟು ಬಾರ್ ಹೆಚ್ಚಿನ ಒತ್ತಡವನ್ನು ಅದು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರಿಯ ನೀರು ಕುದಿಯುವುದು ಸುಮಾರು 115 ಡಿಗ್ರಿಗೆ. ಅಂದರೆ 110 ಡಿಗ್ರಿಯ ನೀರು ಒಳಗೆ ಶಾಂತವಾಗಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿದು ಆ ನೀರೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕ್ಲೀನರ್ ಕೆಲಸಕ್ಕೆ ಹೋಗುವ ಎಳೆಯ ಹುಡುಗರು ಸುಟ್ಟುಕೊಳ್ಳುವುದು ಹೀಗೆ. ಕಾದ ಗಾಡಿಯ ಮುಚ್ಚಳವನ್ನು ಪೈಪು ಕೈಯಿಂದ ಮುಟ್ಟುವಷ್ಟು ತಣ್ಣಗಾಗುವವರೆಗೆ ತೆರೆಯಬಾರದು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ; ಎರಕದ ಕಬ್ಬಿಣ ಬಿರುಕು ಬಿಟ್ಟರೆ, ಇಲ್ಲದ ಹೆಡ್ಡಿನ ರೋಗ ನಿಜವಾಗಿಯೂ ಬಂದಂತಾಗುತ್ತದೆ.

ಪತ್ರದ ಮಗ್ಗುಲಲ್ಲಿ ಇನ್ನೊಂದು ಸಣ್ಣ ಪ್ರಶ್ನೆಯಿತ್ತು: ಸಾಲಿನಲ್ಲಿ ಎಂಜಿನ್ ಆರಿಸಿಬಿಟ್ಟರೆ ಆಗದೇ? ಖಂಡಿತ ಆಗುತ್ತದೆ. ಟರ್ಬೋ ಇರುವ ಗಾಡಿಯಾದರೆ, ಭಾರ ಎಳೆದು ಬಂದ ಮೇಲೆ ಎರಡು ಮೂರು ನಿಮಿಷ ಮೆಲ್ಲಗೆ ಓಡಿಸಿ ಅದರ ಬೇರಿಂಗನ್ನು ಎಣ್ಣೆ ತಣಿಸಲು ಬಿಟ್ಟು ಆಮೇಲೆ ಆರಿಸಬೇಕು, ಅಷ್ಟೇ. ಸ್ಟಾರ್ಟ್ ಆಗಲಿಕ್ಕಿಲ್ಲ ಎಂಬ ಭಯದಿಂದ ಇಡೀ ರಾತ್ರಿ ಓಡಿಸುವುದಾದರೆ ಬ್ಯಾಟರಿ ಬದಲಿಸುವುದೇ ಲಾಭ. ಗಂಟೆಗೆ 2 ಲೀಟರಿನಂತೆ ಆರು ಗಂಟೆಯ ಕಾಯುವಿಕೆಗೆ 12 ಲೀಟರ್. ಒಂದು ವಾರದ ಸಾಲಿಗೆ ಎಷ್ಟಾಯಿತೆಂಬ ಲೆಕ್ಕವನ್ನು ಆ ವಿದ್ಯಾರ್ಥಿನಿ ತಾನೇ ಮಾಡಿ ತಂದೆಯವರಿಗೆ ತೋರಿಸಬಹುದು. ಕಂಪ್ರೆಸರಿನ ಪರೀಕ್ಷೆಯಲ್ಲಿ ಏನು ಕಂಡಿತೆಂದು ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅದನ್ನೂ ಪ್ರಕಟಿಸೋಣ.